ತಗಡಿನ ಗೂಡಿಗೆ ಯಾವ ಹೊದಿಕೆ?

ಹಳೆಯ ವ್ಯಾನನ್ನೋ ಟೆಂಪೋ ಟ್ರಾವೆಲರನ್ನೋ ಕೊಂಡು, ಅದರೊಳಗೆ ಮಂಚ, ಒಲೆ, ನೀರಿನ ಟ್ಯಾಂಕು ಅಳವಡಿಸಿ ಸಂಚಾರಿ ಮನೆಯಾಗಿ ಮಾರ್ಪಡಿಸುವ ಹವ್ಯಾಸ ನಮ್ಮ ಯುವಜನರನ್ನೂ ಆಕರ್ಷಿಸುತ್ತಿದೆ. ಇದರಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ. ಗುಡ್ಡದ ನೆತ್ತಿಯ ಮೇಲೆ ಇನ್ನೊಂದು ಕಾಂಕ್ರೀಟ್ ರೆಸಾರ್ಟು ಏಳುವುದಕ್ಕಿಂತ, ಬಂದು ತಂಗಿ ಕುರುಹು ಉಳಿಸದೆ ಹೊರಟುಹೋಗುವ ವಾಹನ ಮೇಲು. ಆದರೆ ಕುರುಹು ಉಳಿಯಬಾರದೆಂದರೆ, ತಗಡಿಗೂ ಒಳಗಿನ ಹಲಗೆಗೂ ನಡುವೆ ಏನನ್ನು ತುಂಬುತ್ತೇವೆಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕು. ಹಲಗೆ ಬಡಿದ ಮೇಲೆ ಯಾರ ಕಣ್ಣಿಗೂ ಬೀಳದ ಆ ಜಾಗದಲ್ಲೇ ವಾಹನದ ಆಯುಷ್ಯ, ಒಳಗೆ ಮಲಗುವವರ ಆರೋಗ್ಯ, ಕೊನೆಗೆ ನಮ್ಮ ಹಳ್ಳದ ನೀರು ಕೂಡ ನಿರ್ಧಾರವಾಗುತ್ತವೆ.

ಉಷ್ಣ ನಿರೋಧಕದ ತತ್ವ ಮಲೆನಾಡಿನವರಿಗೆ ಹೊಸತಲ್ಲ. ಸೋಗೆ ಹೊದಿಸಿದ ಮನೆ ಬೇಸಿಗೆಯಲ್ಲಿ ತಂಪಾಗಿಯೂ ಚಳಿಯಲ್ಲಿ ಬೆಚ್ಚಗೂ ಇರುತ್ತಿದ್ದುದು ಸೋಗೆಯ ಪದರಗಳ ನಡುವೆ ನಿಂತ ಗಾಳಿಯಿಂದ. ಕಂಬಳಿಕೊಪ್ಪೆಯ ಗುಟ್ಟೂ ಅದೇ. ಚಲಿಸದ ಗಾಳಿ ಶಾಖವನ್ನು ಬಹಳ ನಿಧಾನವಾಗಿ ದಾಟಿಸುತ್ತದೆ. ಥರ್ಮೋಕೋಲ್, ಉಣ್ಣೆ, ಗಾಜಿನ ನಾರು, ತೆಂಗಿನ ನಾರು ಇವೆಲ್ಲ ಗಾಳಿಯನ್ನು ಕಟ್ಟಿಹಾಕುವ ಬೇರೆ ಬೇರೆ ಉಪಾಯಗಳಷ್ಟೆ. ಉಕ್ಕಿನ ತಗಡಾದರೋ ಇವುಗಳಿಗಿಂತ ಸಾವಿರಪಟ್ಟಿಗೂ ಹೆಚ್ಚು ವೇಗದಲ್ಲಿ ಶಾಖವನ್ನು ಸಾಗಿಸುತ್ತದೆ. ಗೋಡೆಯ ಚೌಕಗಳಿಗೆ ಮಾತ್ರ ನಿರೋಧಕ ತುಂಬಿ ಉಕ್ಕಿನ ಪಕ್ಕೆಲುಬುಗಳನ್ನು ಬರಿದೇ ಬಿಟ್ಟರೆ ಶಾಖವು ಆ ದಾರಿಯನ್ನೇ ಹಿಡಿಯುವುದು ಇದಕ್ಕಾಗಿ.

ದಪ್ಪ ಹೆಚ್ಚಿದಷ್ಟೂ ಒಳ್ಳೆಯದೆಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. 25 ಮಿ.ಮೀ. ಹಾಳೆಯನ್ನು 50 ಮಿ.ಮೀ.ಗೆ ಏರಿಸಿದರೆ ಅದರ ಮೂಲಕ ದಾಟುವ ಶಾಖ ಅರ್ಧಕ್ಕೆ ಇಳಿಯುತ್ತದೆ. 75ಕ್ಕೆ ಏರಿಸಿದರೆ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ, ಅಷ್ಟೆ. ಹಿಮ ಬೀಳದ ನಮ್ಮ ನಾಡಿಗೆ ಛಾವಣಿಯಲ್ಲಿ 50, ಗೋಡೆಯಲ್ಲಿ 25 ಮಿ.ಮೀ. ಸಾಕೆಂಬುದು ನನ್ನ ಅಭಿಪ್ರಾಯ. ಅದಕ್ಕೂ ಮೊದಲು ಛಾವಣಿಗೆ ಬಿಳಿ ಬಣ್ಣ ಬಳಿಯಬೇಕು. ಮಾರ್ಚ್‌ನಿಂದ ಮೇವರೆಗಿನ ಬಿಸಿಲಿಗೆ ಇದಕ್ಕಿಂತ ಅಗ್ಗದ ಮದ್ದಿಲ್ಲ.

ಆದರೆ ಮಲೆನಾಡಿನಲ್ಲಿ ನಿಜವಾದ ಶತ್ರು ಶಾಖವಲ್ಲ, ತೇವ. ಡಿಸೆಂಬರಿನ ನಿರ್ಮಲ ರಾತ್ರಿಯಲ್ಲಿ ತಗಡು ತನ್ನ ಶಾಖವನ್ನು ಬಯಲು ಆಕಾಶಕ್ಕೆ ಸೂಸಿ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಹುಲ್ಲಿನ ಮೇಲೆ ಇಬ್ಬನಿ ಕೂರುವುದು ಹೀಗೆಯೇ. ವಾಹನದೊಳಗಿನ ಗಾಳಿ 20 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ. 75 ಇದ್ದರೆ, ಸುಮಾರು 15 ಡಿಗ್ರಿಗೆ ಇಳಿದ ಯಾವುದೇ ಮೇಲ್ಮೈಯಲ್ಲಿ ನೀರು ಹನಿಗಟ್ಟುತ್ತದೆ. ಮಲಗಿದವರ ಉಸಿರು ರಾತ್ರಿಯಿಡೀ ತೇವವನ್ನು ಸೇರಿಸುತ್ತಲೇ ಇರುತ್ತದೆ. ಇನ್ನು ಅಡುಗೆ: ಒಂದು ಕಿಲೋ ಎಲ್‌ಪಿಜಿ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರಾವಿ ಹುಟ್ಟುತ್ತದೆ. ಈ ಆವಿ ನಾರಿನ ಹೊದಿಕೆಯ ಮೂಲಕ ತೂರಿ ತಗಡನ್ನು ಮುಟ್ಟಿ ನೀರಾದರೆ, ಹಲಗೆಯ ಹಿಂದೆ ಬೂಸ್ಟು ಬೆಳೆಯುತ್ತದೆ, ತಗಡು ತುಕ್ಕು ಹಿಡಿಯುತ್ತದೆ. ಘಾಟಿ ಇಳಿಯುವ ವಾಹನದ ಚೌಕಟ್ಟು ಒಳಗೊಳಗೇ ಸವೆಯುವುದು ಬರಿಯ ಸೌಂದರ್ಯದ ಪ್ರಶ್ನೆಯಲ್ಲ.

ಇದಕ್ಕೆ ಶೀತ ದೇಶಗಳ ಕೈಪಿಡಿಗಳು ಹೇಳುವ ಪರಿಹಾರ ಒಂದೇ: ಹೊದಿಕೆಯ ಒಳಮುಖಕ್ಕೆ ಪ್ಲಾಸ್ಟಿಕ್ ಹಾಳೆ ಬಿಗಿದು ಆವಿಯನ್ನು ತಡೆಯಿರಿ. ಒಳಗೆ ಬೆಚ್ಚಗೆ, ಹೊರಗೆ ಕೊರೆಯುವ ಚಳಿ ಇರುವಲ್ಲಿ ಆವಿ ಸದಾ ಒಳಗಿನಿಂದ ಹೊರಗೆ ಸಾಗುವುದರಿಂದ ಅಲ್ಲಿ ಇದು ಸರಿ. ನಮ್ಮಲ್ಲಿ ಆಷಾಢದ ಗಾಳಿ ಹೊರಗೂ ಒಳಗೂ ನೀರಿನಿಂದ ತುಂಬಿರುತ್ತದೆ. ಕರಾವಳಿಗಿಳಿದು ಏಸಿ ಹಾಕಿದರೆ ಆವಿ ಹೊರಗಿನಿಂದ ಒಳಗೇ ಹೊರಳುತ್ತದೆ. ಆಗ ಆ ಪ್ಲಾಸ್ಟಿಕ್ ಹಾಳೆಯೇ ತೇವವನ್ನು ಬಂಧಿಸಿಡುತ್ತದೆ. ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಸುರಿಯುವ ಆಗುಂಬೆಗೆ ಯುರೋಪಿನ ಕೈಪಿಡಿ ಸಾಲದು.

ಹಾಗಾದರೆ ಯಾವುದನ್ನು ಆರಿಸಬೇಕು? ಪರಿಸರವಾದಿಗಳಾದ ನಾವು ನೈಸರ್ಗಿಕವಾದುದೆಲ್ಲ ಒಳ್ಳೆಯದೆಂದು ಕಣ್ಣುಮುಚ್ಚಿ ಹೇಳುವುದನ್ನು ಬಿಡಬೇಕು. ಕುರಿಯ ಉಣ್ಣೆ ತನ್ನ ತೂಕದ ಕಾಲು ಭಾಗಕ್ಕೂ ಮಿಕ್ಕಿ ತೇವವನ್ನು ಹೀರಿ ಮತ್ತೆ ಬಿಟ್ಟುಕೊಡಬಲ್ಲದು. ಆದರೆ ಒಣಗಲು ಗಾಳಿ ಬೇಕು, ನುಸಿ ಹಿಡಿಯದಂತೆ ಬೋರಾಕ್ಸಿನ ಉಪಚಾರ ಬೇಕು. ಮಳೆಗಾಲವಿಡೀ ಮುಚ್ಚಿಟ್ಟ ತಗಡಿನ ಪೆಟ್ಟಿಗೆಯಲ್ಲಿ ಅದಕ್ಕೆ ಒಣಗುವ ಅವಕಾಶವೇ ಇಲ್ಲ. ತೆಂಗಿನ ನಾರಿಗೂ ಇದೇ ಮಾತು ಅನ್ವಯಿಸುತ್ತದೆ. ಥರ್ಮೋಕೋಲ್ ಅಗ್ಗ. ಆದರೆ ಬೆಂಕಿಗೆ ಬೇಗ ತುತ್ತಾಗುತ್ತದೆ, ದ್ರಾವಕವಿರುವ ಅಂಟು ತಗುಲಿದರೆ ಕರಗುತ್ತದೆ, ಕತ್ತರಿಸುವಾಗ ಉದುರುವ ಬಿಳಿ ಕಾಳುಗಳು ಮೊದಲ ಮಳೆಗೇ ಹಳ್ಳ ಸೇರುತ್ತವೆ. ಹೊಳೆಯುವ ಬೆಳ್ಳಿ ಹಾಳೆಯ ಮುಂದೆ ಗಾಳಿಯ ತೆರಪು ಇರದಿದ್ದರೆ ಅದರಿಂದ ಪ್ರಯೋಜನವಿಲ್ಲ.

ತಗಡಿಗೆ ನೇರವಾಗಿ ಅಂಟುವ ಪದರಕ್ಕೆ ನಾನು ಸೂಚಿಸುವುದು, ಏಸಿ ಕೊಳವೆಗಳಿಗೆ ಸುತ್ತುವ ನೈಟ್ರೈಲ್ ರಬ್ಬರಿನಂಥ ಮುಚ್ಚಿದ ಕೋಶಗಳ ಹಾಳೆ. ಇದು ಪೆಟ್ರೋಲಿಯಂ ವಸ್ತುವೆಂಬುದನ್ನು ಮರೆಮಾಚುವುದಿಲ್ಲ. ಆದರೆ ತೇವದ ಗಾಳಿ ತಗಡನ್ನು ಮುಟ್ಟದಂತೆ ಇದು ತಡೆಯುತ್ತದೆ. ಹತ್ತು ವರ್ಷ ಬಾಳುವ ತುಸು ರಬ್ಬರು, ಮೂರನೇ ಮಳೆಗಾಲಕ್ಕೆ ಕೊಳೆತು ತಿಪ್ಪೆ ಸೇರುವ ಉಣ್ಣೆಗಿಂತ ಪರಿಸರಕ್ಕೆ ಹಗುರ. ಉಣ್ಣೆಯ ಮೇಲೆ ಪ್ರೀತಿಯಿದ್ದವರು ನಮ್ಮ ಕುರುಬರ ಕಂಬಳಿಯನ್ನು ಕೊಂಡು ಕಿಟಕಿಗೆ ಪರದೆಯಾಗಿ, ನೆಲಕ್ಕೆ ಹಾಸಾಗಿ ಬಳಸಲಿ. ಬಿಸಿಲು ಬಂದಾಗ ಕೊಡವಿ ಒಣಗಿಸಬಹುದು, ನೇಕಾರನಿಗೂ ನಾಲ್ಕು ಕಾಸು ಸಿಗುತ್ತದೆ.

ಅಳವಡಿಸುವ ಕ್ರಮದಲ್ಲಿ ಅವಸರ ಸಲ್ಲದು. ಮೊದಲು ಒಂದು ಜಡಿಮಳೆಯಲ್ಲಿ ವಾಹನವನ್ನು ನಿಲ್ಲಿಸಿ ಎಲ್ಲಿ ಸೋರುತ್ತದೆಂದು ಗುರುತಿಸಬೇಕು. ತುಕ್ಕನ್ನು ಕೆರೆದು ಪ್ರೈಮರ್ ಬಳಿಯಬೇಕು. ಬಾಗಿಲು ಮತ್ತು ಗೋಡೆಯ ಬುಡದಲ್ಲಿ ನೀರು ಬಸಿಯಲೆಂದು ತಯಾರಕರು ಬಿಟ್ಟ ತೂತುಗಳನ್ನು ಮುಚ್ಚಲೇಬಾರದು. ಬಿಸಿಲಿನ ಒಣದಿನವೊಂದರಲ್ಲಿ ಹಾಳೆಯನ್ನು ಗಾಳಿಗುಳ್ಳೆ ಉಳಿಯದಂತೆ ತಗಡಿಗೆ ಒತ್ತಿ, ಸಂದುಗಳಿಗೆ ಟೇಪು ಹಾಕಿ, ಪಕ್ಕೆಲುಬುಗಳ ಮೇಲೂ ತೆಳುವಾಗಿ ಹೊದಿಸಬೇಕು. ವಿದ್ಯುತ್ ತಂತಿಗಳು ಕೊಳವೆಯೊಳಗೆ ಇರಬೇಕು. ಒಳಹಲಗೆಗಳಿಗೆ ಮೊಳೆಯಲ್ಲ, ತಿರುಪು ಹಾಕಬೇಕು.

ಈ ಕೊನೆಯ ಮಾತೇ ನನ್ನ ವಾದದ ತಿರುಳು. ಬಿಚ್ಚಲಾಗದ್ದನ್ನು ಅಳವಡಿಸಬಾರದು. ಡಬ್ಬಿಯಿಂದ ಸಿಂಪಡಿಸಿದರೆ ಉಬ್ಬಿ ಗಟ್ಟಿಯಾಗುವ ನೊರೆ ಎಷ್ಟೇ ಸುಲಭವಾಗಿರಲಿ, ಅದು ತಗಡನ್ನು ಕಚ್ಚಿಕೊಂಡರೆ ತುಕ್ಕನ್ನು ನೋಡುವಂತಿಲ್ಲ, ದುರಸ್ತಿ ಮಾಡುವಂತಿಲ್ಲ, ಗುಜರಿಗೆ ಹೋದಾಗ ಉಕ್ಕಿನಿಂದ ಸುಲಭವಾಗಿ ಬಿಡಿಸುವಂತೆಯೂ ಇಲ್ಲ. ಇಂಥ ನೊರೆಗಳನ್ನು ಉಬ್ಬಿಸಲು ಬಳಸುತ್ತಿದ್ದ ಎಚ್‌ಸಿಎಫ್‌ಸಿ-141ಬಿ ಎಂಬ ಓಝೋನ್ ನಾಶಕ ರಾಸಾಯನಿಕವನ್ನು ಭಾರತ 2020ರ ಆರಂಭದಿಂದ ಕೈಬಿಟ್ಟದ್ದು ಒಳ್ಳೆಯದೇ ಆಯಿತು. ಆದರೆ ಬಿಡಿಸಲಾಗದ ಕಸದ ಸಮಸ್ಯೆ ಅದರಿಂದ ಬಗೆಹರಿಯಲಿಲ್ಲ.

ಎಂಥ ಹೊದಿಕೆಯೂ ಗಾಳಿಯಾಟಕ್ಕೆ ಬದಲಿಯಲ್ಲ. ಮೇಲೊಂದು ಫ್ಯಾನು, ಕೆಳಗೊಂದು ಕಿಂಡಿ ಇರಲೇಬೇಕು. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲದಲ್ಲೇ ಮಡುಗಟ್ಟುತ್ತದೆ. ಚಳಿಗೆಂದು ಕಿಂಡಿ ಮುಚ್ಚಿ ಒಳಗೆ ಒಲೆಯನ್ನೋ ಕೆಂಡವನ್ನೋ ಇಟ್ಟುಕೊಂಡು ಮಲಗಿದರೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಪ್ರಾಣವನ್ನೇ ತೆಗೆದೀತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮಾರ್ಪಾಡನ್ನು ನಿಯಂತ್ರಿಸುತ್ತದೆಂಬುದನ್ನೂ ಅರಿತು, ಕೆಲಸಕ್ಕೆ ಮುನ್ನವೇ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ವಿದ್ಯಾರ್ಥಿಗಳಿಗೆ ಇಲ್ಲೊಂದು ಒಳ್ಳೆಯ ಪ್ರಯೋಗವೂ ಇದೆ. ಮನೆಯ ತಗಡಿನ ಮಾಡಿನ ಕೆಳಗೆ ಉಣ್ಣೆ, ನಾರು, ರಬ್ಬರು ಮೂರರ ಒಂದೊಂದು ಚದರಡಿ ತುಂಡನ್ನು ಕಟ್ಟಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ತೂಗಿ ಬರೆದಿಡಿ. ಯಾವುದು ಎಷ್ಟು ನೀರು ಕುಡಿಯಿತು, ಯಾವುದು ಒಣಗಿತು ಎಂಬ ಆ ಲೆಕ್ಕ, ಅಂಗಡಿಯವನ ಮಾತಿಗಿಂತಲೂ ಈ ಲೇಖನಕ್ಕಿಂತಲೂ ನಂಬಿಕೆಗೆ ಅರ್ಹವಾದದ್ದು.