ಸ್ಪ್ರಿಂಕ್ಲರ್ ಇದ್ದರೆ ಸಾಕೇ?

ಮಳೆಯ ಏರುಪೇರು ಕೊಡಗಿಗೆ ಹೊಸದಲ್ಲ, ಮೊಗ್ಗು ಅರಳಿಸುವ ಹೂಮಳೆ ತಪ್ಪಿದರೆ ಸ್ಪ್ರಿಂಕ್ಲರ್ ಇದೆ, ಹಾಗಾಗಿ ಹವಾಮಾನ ಬದಲಾವಣೆಯಿಂದ ಕಾಫಿಗೆ ಭಯವಿಲ್ಲ ಎಂಬುದು ಈಚೆಗೆ ಪ್ರಕಟವಾದ ಲೇಖನವೊಂದರ ವಾದ. ಏರುಪೇರು ಹಳೆಯದೆಂಬುದು ನಿಜ, ಉಳಿದದ್ದು ಅರ್ಧಸತ್ಯ. ಫೆಬ್ರುವರಿ–ಮಾರ್ಚ್‌ನಲ್ಲಿ ರೊಬಸ್ಟಾ ಕಾಫಿಯ ಮೊಗ್ಗು ಅರಳಲು ನೀರು ಬೇಕು, ಕೆಲವು ವಾರಗಳ ಬಳಿಕ ಕಾಯಿ ಕಟ್ಟಲು ಮತ್ತೆ ಬೇಕು. ಮಳೆ ಕೈಕೊಟ್ಟ ವರ್ಷ ಕೆರೆ, ತೋಡುಗಳೂ ಬತ್ತುತ್ತವೆ. ಪಂಪು, ಪೈಪು, ಡೀಸೆಲ್ಲಿನ ಖರ್ಚು ಸಣ್ಣ ಬೆಳೆಗಾರರಿಗೆ ಭಾರ. ದೇಶದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಅವರದೇ. ಕೊಯ್ಲಿನ ಹೊತ್ತಿಗೆ ಅಕಾಲ ಮಳೆ ಬಂದರೆ ಹಣ್ಣು ಬಿರಿದು ನೆಲಕ್ಕುದುರುತ್ತದೆ, ಕಣದಲ್ಲಿ ಹರವಿದ್ದು ಬೂಷ್ಟು ಹಿಡಿಯುತ್ತದೆ. ಇದಕ್ಕೆ ಯಾವ ಸ್ಪ್ರಿಂಕ್ಲರ್? 2018ರ ಆಗಸ್ಟ್‌ನಲ್ಲಿ ಭಾರಿ ಮಳೆಗೆ ಕೊಡಗಿನ ಗುಡ್ಡ ಕುಸಿದಾಗ (ಗುಡ್ಡ ಕಡಿದವರ ಪಾಲೂ ಅದರಲ್ಲಿದೆ) ತೋಟಗಳೇ ಜಾರಿಹೋದವು. ಇಂಥ ವರ್ಷಗಳು ಹೆಚ್ಚಿದರೆ ಮೊದಲು ಕೈಬದಲಾಗುವುದು ಸಣ್ಣ ತೋಟಗಳೇ.