ದುಆದೊಂದಿಗೆ ದವಾ ಕೂಡಾ ಇರಲಿ

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಸಮೀಪದ ಖಾಸಗಿ ಆಶ್ರಯಧಾಮವೊಂದು ಬೆಂಕಿಗಾಹುತಿಯಾಯಿತು. ಸರಪಳಿಯಲ್ಲಿ ಬಂಧಿತರಾಗಿದ್ದ ಮಾನಸಿಕ ರೋಗಿಗಳು ಓಡಲಾಗದೆ ಬೆಂದುಹೋದರು. ಸತ್ತವರು 28 ಮಂದಿ. ಗುಣವಾಗಲೆಂದು ಅವರನ್ನು ಅಲ್ಲಿ ಬಿಟ್ಟುಬಂದವರು ಸ್ವಂತ ಮನೆಯವರೇ.

ಆ ದುರಂತಕ್ಕೆ ಉತ್ತರವೆಂಬಂತೆ ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 2008ರಲ್ಲಿ 'ದವಾ-ದುಆ' ಯೋಜನೆ ಆರಂಭವಾಯಿತು. ಮುಜಾವರರು ದುಆ ಮಾಡಿ, ಬಳಿಕ ರೋಗಿಯನ್ನು ಮನೋವೈದ್ಯರ ಬಳಿಗೆ ಕಳುಹಿಸಿದರು. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೂ ರೋಗಿಯನ್ನು ಸರಪಳಿಯಲ್ಲಿಡುವುದನ್ನೇ ನಿಷೇಧಿಸಿದೆ.

ಮದ್ಯ ಹರಾಮ್ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ವ್ಯಸನವು ರೋಗವೂ ಹೌದು. ವರ್ಷಗಟ್ಟಲೆ ಕುಡಿದವನು ಹಠಾತ್ತನೆ ನಿಲ್ಲಿಸಿದರೆ ನಡುಕ, ಅಪಸ್ಮಾರ, ಕೆಲವೊಮ್ಮೆ ಸಾವೂ ಸಂಭವಿಸಬಹುದು. ಇಂಥವನಿಗೆ ಉಪದೇಶದ ಜೊತೆಗೆ ವೈದ್ಯರ ನಿಗಾ ಅನಿವಾರ್ಯ. ರೋಗಕ್ಕೆ ಮದ್ದು ಮಾಡಬೇಕೆಂದು ಕಲಿಸಿದ ಪ್ರವಾದಿಯವರ(ಸ) ಅನುಯಾಯಿಗಳು, ರೋಗವನ್ನು ಮರ್ಯಾದೆಗೆ ಅಂಜಿ ಮುಚ್ಚಿಡುವುದೇಕೆ?

ನಮ್ಮ ಜಮಾಅತ್‌ಗಳು ಮದ್ರಸದ ಒಂದು ಕೋಣೆಯನ್ನು ವಾರಕ್ಕೊಮ್ಮೆ ಮನೋವೈದ್ಯರಿಗೆ ಬಿಟ್ಟುಕೊಡಲಿ. ಬಡ ರೋಗಿಯ ಔಷಧಿಯ ಖರ್ಚನ್ನು ಉಳ್ಳವರು ಹೊರಲಿ. ಖತೀಬರು ಜುಮಾದ ಮಿಂಬರಿನಿಂದ ಈ ಮಾತನ್ನು ನಿಸ್ಸಂಕೋಚವಾಗಿ ಆಡಲಿ. ಮನೆಯ ಮಗನೊಬ್ಬ ಕತ್ತಲ ಕೋಣೆಯಿಂದ ಹೊರಬಂದರೆ, ಅದಕ್ಕಿಂತ ದೊಡ್ಡ ಸಮುದಾಯ ಸೇವೆ ಯಾವುದಿದೆ?