ಹರ್ಟ್ಸೋಗೆನಾವ್‌ರಾಕ್‌ನಿಂದ – 14: ಅಂಗಡಿಯಲ್ಲಿ ನಿಲ್ಲಲಾಗದ ಹುಡುಗ

ಚಿಕ್ಕಪ್ಪ, ಮೊನ್ನೆ ಫೋನಿನಲ್ಲಿ ನೀವು ಹೇಳಿದ ಮಾತು ಇನ್ನೂ ತಲೆಯಲ್ಲೇ ಇದೆ. ಫ್ಯಾಕ್ಟರಿಯಲ್ಲಿ ಕಾಲು ಜಜ್ಜಿಸಿಕೊಂಡು ಮನೆಗೆ ಬಂದಿರೋ ತಮ್ಮನಿಗೆ "ಇನ್ನೆಂಥ ಓದು, ಒಂದು ಅಂಗಡಿ ಹಾಕಿಕೊಡೋಣ" ಅಂದಿರಿ. ಅವನನ್ನು ಕೇಳಿಯೇ ಇಲ್ಲಿ ಬರೀತಿದ್ದೀನಿ, ಬೇಜಾರು ಮಾಡ್ಕೋಬೇಡಿ.

ನಾನಿರೋ ಊರಿಗೆ ಫ್ಯೂರ್ತ್ ಹತ್ತಿರ. ರಜೆಯ ದಿನ ಅಲ್ಲಿ ಲುಡ್ವಿಗ್ ಎರ್ಹಾರ್ಡ್ ಅವರ ಮ್ಯೂಸಿಯಂ ನೋಡಿ ಬಂದೆ. 1897ರಲ್ಲಿ ಹುಟ್ಟಿದವರು, ಬಟ್ಟೆ ಅಂಗಡಿಯವರ ಮಗ. ಚಿಕ್ಕಂದಿನಲ್ಲೇ ಪೋಲಿಯೊ ಬಂದು ಬಲಗಾಲು ಊನ. 1918ರ ಯುದ್ಧದಲ್ಲಿ ತೀವ್ರ ಗಾಯ, ಒಂದರ ಮೇಲೊಂದು ಆಪರೇಷನ್. ಅಂಗಡಿಯಲ್ಲಿ ದಿನವಿಡೀ ನಿಲ್ಲೋಕಾಗಲ್ಲ ಅಂತಾದ ಮೇಲೇ ಅವರು 1919ರಲ್ಲಿ ನ್ಯೂರೆಂಬರ್ಗ್‌ನ ವಾಣಿಜ್ಯ ಕಾಲೇಜು ಸೇರಿದ್ದು. 1925ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಡಾಕ್ಟರೇಟ್. 1928ರಿಂದ ಕಾರ್ಖಾನೆಯ ಸಿದ್ಧವಸ್ತು ಮತ್ತು ಅದರ ಮಾರುಕಟ್ಟೆ ಅಧ್ಯಯನ ಮಾಡೋ ಸಂಸ್ಥೆಯಲ್ಲಿ ಕೆಲಸ. ಪ್ರೊಫೆಸರ್ ಆಗೋಕೆ ಇಲ್ಲಿ ಬೇಕಾದ ಹ್ಯಾಬಿಲಿಟೇಶನ್ ಮಾತ್ರ ದಕ್ಕಲಿಲ್ಲ. 1942ರಲ್ಲಿ ಆ ಕೆಲಸವೂ ಹೋಯ್ತು. ಮ್ಯೂನಿಕ್‌ನಲ್ಲಿ ಗೌರವ ಪ್ರಾಧ್ಯಾಪಕರಾದಾಗ 1947, ವಯಸ್ಸು 50. ಆಮೇಲೆ ಮಂತ್ರಿ, 1963ರಲ್ಲಿ ಇಡೀ ಪಶ್ಚಿಮ ಜರ್ಮನಿಯ ಚಾನ್ಸೆಲರ್.

ಕುಂಟುವವರೆಲ್ಲ ಚಾನ್ಸೆಲರ್ ಆಗ್ತಾರೆ ಅಂತ ನಾನು ಹೇಳ್ತಿಲ್ಲ. ಅವರ ಅಪ್ಪನಿಗೆ ಅಂಗಡಿಯಿತ್ತು, ಓದುವಾಗ ಅನ್ನಕ್ಕೆ ತೊಂದರೆ ಇರಲಿಲ್ಲ. ನಮ್ಮ ಮನೆಯ ಲೆಕ್ಕ ನನಗೂ ಗೊತ್ತು. ಆದ್ರೆ ಅಂಗಡಿಯಲ್ಲಿ ನಿಲ್ಲೋಕಾಗಲ್ಲ ಅಂತಾದಾಗ ಅವರು ಓದಿನ ದಾರಿ ಹಿಡಿದ್ರು. ನಾವು ಅಂಗಡಿ ಮೊದಲು ಗೊತ್ತು ಮಾಡಿ, ಕಾಲು ಹೊಂದಿಕೊಳ್ಳಲಿ ಅಂತೀವಿ. ಕಿರಾಣಿ ಅಂಗಡಿ ಅಂದ್ರೆ ಮೂಟೆ ಎತ್ತಬೇಕು, ಬೆಳಗ್ಗೆಯಿಂದ ರಾತ್ರಿವರೆಗೆ ನಿಲ್ಲಬೇಕು. ಪಾದ ಊದಿದ ರೋಗಿಗಳನ್ನ ದಿನಾ ನೋಡೋಳು ನಾನು, ಇದು ಆರು ತಿಂಗಳ ಮಾತು ಅಷ್ಟೇ.

ಇಲ್ಲಿ 1884ರಲ್ಲೇ ಕಾರ್ಮಿಕರ ಅಪಘಾತ ವಿಮೆಯ ಕಾನೂನು ಬಂತು. ಈಗ ಹಳೇ ಕೆಲಸ ಆಗದಿದ್ರೆ ಹೊಸ ಕೆಲಸ ಕಲಿಯೋ ಖರ್ಚನ್ನೂ ಆ ವಿಮೆಯಿಂದಲೇ ಕೊಡ್ತಾರೆ. ನಮ್ಮಲ್ಲೂ ಇ.ಎಸ್.ಐ. ಇದೆ, ಮೆಡಿಕಲ್ ಬೋರ್ಡ್ ಶಾಶ್ವತ ಊನ ಅಂತ ಬರೆದರೆ ತಿಂಗಳಾ ದುಡ್ಡು ಬರುತ್ತೆ. ಅವನ ಕಾರ್ಡು, ಅಪಘಾತದ ಕಾಗದ ಎಲ್ಲಿವೆ? ಚಿಕ್ಕಮ್ಮ ಟ್ರಂಕಿನಲ್ಲಿ ಇಟ್ಟಿರಬೇಕು, ಹುಡುಕಿಸಿ.

ಅವನಿಗೆ ಡಿಪ್ಲೊಮಾ ಮುಗಿಸೋ ಆಸೆ. ಮೊದಲ ವರ್ಷದ ಫೀಸು ನಾನು ಕಳಿಸ್ತೀನಿ. ಅಂಗಡಿ ಮಾಲೀಕರಿಗೆ ಅಡ್ವಾನ್ಸ್ ಮಾತ್ರ ಈ ವಾರ ಕೊಡಬೇಡಿ. ಭಾನುವಾರ ನಂದು ರಾತ್ರಿ ಪಾಳಿ, ಮಧ್ಯಾಹ್ನವೇ ಫೋನ್ ಮಾಡ್ತೀನಿ.